ನನ್ನ ಕೆಂಪು ಟವೆಲ್ಲಿನ ಟ್ರಾಫಿಕ್ ಇಲಾಖೆ

ನಂಬಬೇಡಿ. ಕೈಲಾದರೆ ನಂಬದೇ ಇರಿ, ನೋಡೋಣ. ಈಗ ನಿಮ್ಮ ಅಂಗೈಯಲ್ಲಿರುವ ಫೋನು ರಸ್ತೆಯ ಮೇಲೆ ಕೆಂಪು ಗೆರೆ ಎಳೆದು, ‘ಮುಂದೆ ಜಾಮ್ ಆಗಿದೆ, ಬೇರೆ ದಾರಿ ಹಿಡಿ’ ಎಂದು ಬುದ್ಧಿ ಹೇಳುತ್ತದಲ್ಲ, ಆ ವಿದ್ಯೆಯನ್ನು ಭೂಮಿಯ ಮೇಲೆ ಮೊಟ್ಟಮೊದಲು ಕಂಡುಹಿಡಿದವನು ನಾನು. ಯಾವ ಹೊರದೇಶದ ಜಾಣನೂ ಅಲ್ಲ, ಹಳೇಬೀಡಿನ ಪರಮೇಶ. ಅದಕ್ಕೆ ನನಗೆ ಬೇಕಾದದ್ದು ಒಂದು ಕೆಂಪು ಟವೆಲ್ಲು, ಇಟ್ಟಿಗೆಯಷ್ಟು ತೂಕದ ಒಂದು ಮೊಬೈಲು, ಮತ್ತು ದಾರಿಯುದ್ದಕ್ಕೂ ವ್ಯಾಪಾರವಿಲ್ಲದೆ ನೊಣ ಹೊಡೆಯುತ್ತ ಕೂತಿದ್ದ ನಾಲ್ಕಾರು ಅಂಗಡಿಯವರು. ನಕ್ಕಿರಿ ತಾನೇ? ನಗಿ. ಹುರುಳಿಯ ವಿಷಯಕ್ಕೆ ಬಂದಾಗ ನಿಮ್ಮ ಮುಖ ಹೇಗಾಗುತ್ತದೋ ನಾನೂ ನೋಡುತ್ತೇನೆ.

ಇದೆಲ್ಲ ನೆನಪಾದದ್ದು ಮೊನ್ನೆ ತಂಗಿಯ ಮಗನ ಕಾರಿನಲ್ಲಿ ಬೇಲೂರಿಗೆ ಹೊರಟಾಗ. ಹುಟ್ಟಿದಾಗಿನಿಂದ ಕಂಡ ದಾರಿ. ಕಣ್ಣು ಕಟ್ಟಿ ಬಿಟ್ಟರೂ ನಾನು ತಲುಪುತ್ತೇನೆ. ಆದರೂ ಹುಡುಗ ಮುಂದುಗಡೆ ಫೋನು ಸಿಕ್ಕಿಸಿಕೊಂಡು, ಅದರೊಳಗಿನ ಹೆಣ್ಣುಮಗಳು ಹೇಳಿದ ಕಡೆಗೆಲ್ಲ ಸ್ಟೇರಿಂಗು ತಿರುಗಿಸುತ್ತಿದ್ದ. ‘ಮಾವ, ಮೇನ್ ರೋಡಲ್ಲಿ ಟ್ರಾಫಿಕ್ ತೋರಿಸ್ತಿದೆ’ ಎಂದು ಒಂದು ಓಣಿಗೆ ಇಳಿಸಿದ. ಆಕೆ ಎಡಕ್ಕೆ ಅಂದಳು, ಬಲಕ್ಕೆ ಅಂದಳು, ಕೊನೆಗೆ ಯಾರದೋ ತಿಪ್ಪೆಯ ಎದುರು ನಿಲ್ಲಿಸಿ ಸುಮ್ಮನಾದಳು. ಹಿಂತಿರುಗಿ ನೋಡಿದರೆ ಅದೇ ಮಾತು ಕೇಳಿಕೊಂಡು ಬಂದ ಇನ್ನೂ ಮೂರು ಕಾರು ನಮ್ಮ ಬೆನ್ನಿಗೆ ನಿಂತಿವೆ. ತಿಪ್ಪೆಯ ಮೇಲಿದ್ದ ಹುಂಜ ನಮ್ಮನ್ನು ನೋಡಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಯಾಕೆ ಮಾವ ನಗ್ತೀರಾ?’ ಅಂದ. ‘ಇದನ್ನ ಕಂಡುಹಿಡಿದೋನು ನಾನೇ ಕಣೋ’ ಅಂದೆ. ಅವನಿಗೆ ನನ್ನ ಆರೋಗ್ಯದ ಬಗ್ಗೆ ಚಿಂತೆಯಾಯಿತು.

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಟ್ರಾಫಿಕ್ ಅಂದರೆ ಎಮ್ಮೆ. ಸಂಜೆ ಕೆರೆಯಿಂದ ಎದ್ದು, ನೀರು ತೊಟ್ಟಿಕ್ಕಿಸಿಕೊಂಡು, ರಸ್ತೆ ತುಂಬ ಹರಡಿಕೊಂಡು ಬರುತ್ತಿದ್ದವು. ಮೋಟಾರು ಅಪರೂಪ. ಬಸ್ಸು ಬಂದರೆ ಅದರ ಹಿಂದೆ ಓಡಿ ಪೆಟ್ರೋಲಿನ ವಾಸನೆ ಎಳೆದುಕೊಳ್ಳುವುದೇ ನಮಗೊಂದು ತಿಂಡಿ. ಆಗಲೇ ನನಗೆ ಈ ಟ್ರಾಫಿಕ್ ವಿದ್ಯೆಯ ಮೊಳಕೆ ಬಂದಿತ್ತು. ಹುಡುಗರು ಗೋಲಿ ಆಡುತ್ತಿದ್ದಾಗ ನಾನು ರಸ್ತೆಗೆ ಕಿವಿ ಇಟ್ಟು ಮಲಗಿ, ‘ಬಸ್ ಬತ್ತಾ ಐತೆ ಕಣ್ರೋ, ಭೂಮಿ ನಡುಗ್ತಾ ಐತೆ’ ಅನ್ನುತ್ತಿದ್ದೆ. ಎಲ್ಲರೂ ಸ್ಟ್ಯಾಂಡಿನ ಕಡೆ ಓಡುತ್ತಿದ್ದರು. ಅವರು ಬಸ್ಸಿಲ್ಲದೆ ವಾಪಸು ಬರುವಷ್ಟರಲ್ಲಿ ಒಳ್ಳೊಳ್ಳೆಯ ಗೋಲಿಗಳು ನನ್ನ ಚಡ್ಡಿ ಜೇಬಿನಲ್ಲಿ ಇರುತ್ತಿದ್ದವು. ಮುಂದಿನ ರಸ್ತೆಯ ಸುದ್ದಿ ಯಾರ ಕೈಲಿದೆಯೋ ಅವನೇ ರಾಜ ಎಂಬುದನ್ನು ನಾನು ಅಷ್ಟು ಎಳವೆಯಲ್ಲೇ ಕಲಿತೆ.

ದೊಡ್ಡವನಾಗಿ ಅರಸೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ದಿನಾ ಬೆಳಗ್ಗೆ ಹಳೇಬೀಡಿನಿಂದ ಹೋಗಬೇಕು, ಸಂಜೆ ಬರಬೇಕು. ಇಂಥವರಿಗೆ ನಮ್ಮ ಕಡೆ ಡೈಲಿ ಪ್ಯಾಸೆಂಜರ್ ಎಂದು ಹೆಸರು. ಅದು ಮನುಷ್ಯರಲ್ಲೇ ಬೇರೆ ತಳಿ. ನಿಂತೇ ನಿದ್ದೆ ಮಾಡುತ್ತದೆ, ಪಕ್ಕದವರ ಹೆಗಲನ್ನು ಸ್ವಂತ ದಿಂಬು ಅಂದುಕೊಳ್ಳುತ್ತದೆ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತದೆ. ಬಸ್ಸಿನಲ್ಲಿ ನನ್ನ ಕೆಂಪು ಟವೆಲ್ಲು ಬಿದ್ದ ಸೀಟಿನಲ್ಲಿ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಗೌರವದಿಂದ ಅಂತ ನಾನು ಹೇಳುತ್ತಿದ್ದೆ, ವಾಸನೆಯಿಂದ ಅಂತ ಸುಜಾತ ಮೇಡಂ ಹೇಳುತ್ತಿದ್ದರು. ಈ ಸುಜಾತ ಮೇಡಂ ಮಾದಿಹಳ್ಳಿಯವರು, ಅರಸೀಕೆರೆಯ ಶಾಲೆಯಲ್ಲಿ ಟೀಚರು, ನನ್ನ ಹಿಂದಿನ ಸೀಟು. ನಾನು ಏನು ಕೊಚ್ಚಿಕೊಂಡರೂ ಬಲೂನಿಗೆ ಸೂಜಿ ಇಡುವುದು ಅವರ ಕೆಲಸ.

ದಾರಿಯೋ, ಬಸ್ಸು ಹೋಗುವುದಕ್ಕಿಂತ ನಿಲ್ಲುವುದಕ್ಕೇ ಮಾಡಿದ್ದು. ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗರ ಬಸ್ಸು ರಿವರ್ಸ್ ತೆಗೆಯುವವರೆಗೆ ಒಂದು ಜಾಮು. ಅದು ಬಿಡಿಸಿಕೊಂಡರೆ ಕುರಿಮಂದೆ. ಕುರಿ ದಾಟಿದರೆ ತೆಂಗಿನಕಾಯಿ ಲಾರಿ. ಅರಸೀಕೆರೆ ಹತ್ತಿರ ಬಂತು ಅನ್ನುವಾಗ ಕೊಬ್ಬರಿ ಮಂಡಿಯ ಗಾಡಿಗಳು, ರೈಲ್ವೆ ಗೇಟು. ಅಷ್ಟರಲ್ಲಿ ಜನ ಬಸ್ಸಿನಲ್ಲೇ ಸಂಸಾರ ಹೂಡುತ್ತಿದ್ದರು. ಹೆಂಗಸರು ಒಂದು ಚೀಲ ಅವರೆಕಾಯಿ ಸುಲಿದು ಮುಗಿಸುತ್ತಿದ್ದರು. ಸುಜಾತ ಮೇಡಂ ಪರೀಕ್ಷೆ ಪೇಪರು ತಿದ್ದುತ್ತಿದ್ದರು. ಗುಂಡಿ ಇರುವ ಜಾಗದಲ್ಲಿ ತಿದ್ದಿಸಿಕೊಂಡ ಮಕ್ಕಳ ಅದೃಷ್ಟ, ಸೊನ್ನೆಗೆ ಬಾಲ ಬಂದು ಆರೋ ಒಂಬತ್ತೋ ಆಗಿಬಿಡುತ್ತಿತ್ತು. ಮಧ್ಯಾಹ್ನದ ಬುತ್ತಿ ದಾರಿಯಲ್ಲೇ ಖಾಲಿಯಾಗಿ, ಕಚೇರಿ ಸೇರುವ ಹೊತ್ತಿಗೆ ಹೊಟ್ಟೆಯಲ್ಲಿ ಊಟ, ಕಣ್ಣಲ್ಲಿ ನಿದ್ದೆ, ಸೊಂಟದಲ್ಲಿ ನೋವು. ಹಾಜರಿಯಲ್ಲಿ ಕೆಂಪು ಗೀಟು.

‘ಏನ್ರೀ ಪರಮೇಶಪ್ಪ, ಇವತ್ತೇನ್ರೀ ಕಾರಣ?’ ಎಂದು ಸಾಹೇಬರು ಕೇಳುತ್ತಿದ್ದರು.

‘ಕುರಿ ಸಾರ್.’

‘ನಿನ್ನೇನೂ ಕುರಿ ಅಂದ್ರಿ.’

‘ನಿನ್ನೆ ಹೋಗಿದ್ವು ಸಾರ್. ಇವತ್ತು ವಾಪಸ್ ಬಂದ್ವು.’

ಇವೆಲ್ಲವನ್ನೂ ಮೀರಿಸಿದ್ದು ಸಂಕ್ರಾಂತಿಯ ಆಸುಪಾಸಿನ ಹುರುಳಿ. ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಒಕ್ಕಣೆ ಮಾಡಲು ಹೊಲದಲ್ಲಿ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ಸಗಣಿ ಬಳಿದು, ಎತ್ತು ಕಟ್ಟಿ ತುಳಿಸುವುದು. ಟಾರು ರಸ್ತೆ ಬಂದ ಮೇಲೆ ರೈತರಿಗೆ ಜ್ಞಾನೋದಯವಾಯಿತು. ಇಷ್ಟು ಗಟ್ಟಿ ನೆಲ ಪುಕ್ಕಟೆ, ಮೇಲೆ ತುಳಿಯಲು ಬಸ್ಸು ಲಾರಿ ಪುಕ್ಕಟೆ! ಒಣಗಿದ ಹುರುಳಿ ಗಿಡವನ್ನು ತಂದು ರಸ್ತೆಗೇ ಹರಡಿಬಿಟ್ಟರು. ಚಕ್ರ ಹರಿದ ಹಾಗೆಲ್ಲ ಕಾಳು ಉದುರುತ್ತದೆ, ಸಂಜೆ ತೂರಿಕೊಂಡು ಹೋಗುವುದು. ನಾವು ಟ್ರಾಫಿಕ್ ಜಾಸ್ತಿಯಾಯಿತು ಎಂದು ಗೋಳಾಡುತ್ತಿದ್ದರೆ, ಅವರು ಟ್ರಾಫಿಕ್ ಸಾಲದು ಎಂದು ಗೋಳಾಡುತ್ತಿದ್ದರು. ಆದರೆ ಭಕ್ತಿ ಮಾತ್ರ ಹಳೆಯದೇ. ರಸ್ತೆಯಾದರೂ ಅದು ಕಣ. ಕಣಕ್ಕೆ ಮೆಟ್ಟು ಹಾಕಿಕೊಂಡು ಕಾಲಿಡುವ ಹಾಗಿಲ್ಲ. ಒಂದು ಸಲ ನಾನು ಬಸ್ಸಿಳಿದು ಹುರುಳಿಯ ಮೇಲೆ ಎರಡು ಹೆಜ್ಜೆ ಇಟ್ಟದ್ದಕ್ಕೆ ಮುದುಕಿಯೊಬ್ಬಳು ಪೊರಕೆ ಹಿಡಿದು ಬಂದಳು. ‘ಅಲ್ಲಜ್ಜಿ, ಬಸ್ಸಿನ ಚಕ್ರಕ್ಕೂ ಮೆಟ್ಟು ಬಿಚ್ಚುಸ್ತೀಯಾ?’ ಅಂದೆ. ‘ಅದು ಎತ್ತಿದ್ದಂಗೆ ಕಣಪ್ಪ, ನೀನು ಮನುಷ್ಯನಾ ಎತ್ತಾ, ನೀನೇ ಹೇಳು’ ಅಂದಳು. ಬಸ್ಸೆಲ್ಲ ನನ್ನ ಉತ್ತರಕ್ಕೆ ಕಾಯಿತು. ನಾನು ಚಪ್ಪಲಿ ಬಿಚ್ಚಿದೆ.

ಇಂಥ ಕಾಲದಲ್ಲಿ ನಾನು ಮೊಬೈಲು ಕೊಂಡೆ. ಹಳೇಬೀಡಿನ ಡೈಲಿ ಪ್ಯಾಸೆಂಜರುಗಳಲ್ಲಿ ನಾನೇ ಮೊದಲಿಗ. ತಲೆಯ ಮೇಲೊಂದು ಕೊಂಬಿತ್ತು, ಜೇಬಿಗೆ ಹಾಕಿಕೊಂಡರೆ ಅಂಗಿ ಒಂದು ಕಡೆಗೆ ವಾಲುತ್ತಿತ್ತು. ಸಿಗ್ನಲ್ಲು ಮಾತ್ರ ಬಸ್ಸಿನ ಒಳಗೆ ಸಿಗುತ್ತಿರಲಿಲ್ಲ. ಕಿಟಕಿಯಿಂದ ಕೈ ಚಾಚಿ ಹಿಡಿದರೆ ಸಿಗುತ್ತಿತ್ತು.

‘ಪರಮೇಶಣ್ಣ, ಫೋನು ಹೊರಗೆ, ಕಿವಿ ಒಳಗೆ. ಹೆಂಗೆ ಕೇಳ್ಸುತ್ತೆ?’ ಎಂದು ಸುಜಾತ ಮೇಡಂ ಕೇಳಿದರು.

‘ಅದಕ್ಕೇ ಕೂಗೋದು ಮೇಡಂ.’

‘ಅಷ್ಟು ಕೂಗೋದಾದ್ರೆ ಫೋನ್ ಯಾಕೆ?’

ಅಸೂಯೆ. ದೊಡ್ಡ ಸಂಶೋಧಕರೆಲ್ಲ ಇಂಥ ಮಾತು ಕೇಳಿಯೇ ಮೇಲೆ ಬಂದವರು.

ಅದೇ ಹೊತ್ತಿಗೆ ರಸ್ತೆಯುದ್ದಕ್ಕೂ ಅಂಗಡಿಗಳಲ್ಲಿ ನಾಣ್ಯ ಹಾಕಿ ಮಾತಾಡುವ ಕೆಂಪು ಡಬ್ಬಿ ಫೋನುಗಳು ಬಂದಿದ್ದವು. ನಾನು ಒಂದೊಂದು ಊರಿನ ಅಂಗಡಿಯವನನ್ನೂ ಮಾತಾಡಿಸಿ ಸ್ನೇಹ ಬೆಳೆಸಿದೆ. ಬಸ್ಸು ಹೊರಟ ಕೂಡಲೇ ಫೋನು ಮಾಡಿ, ‘ರೋಡ್ ಹೆಂಗೈತಣ್ಣ?’ ಅನ್ನುವುದು. ಅವನು ಕತ್ತು ಹೊರಗೆ ಚಾಚಿ ನೋಡಿ, ‘ಲಾರಿ ನಿಂತೈತೆ’ ಅಂತಲೋ, ‘ಒಂದು ನಾಯಿ ಮಲಗೈತೆ, ಅಷ್ಟೇಯ’ ಅಂತಲೋ ಅನ್ನುವುದು. ಜಾಮ್ ಇದೆ ಅಂದರೆ ನಾನು ಕಿಟಕಿಗೆ ಕೆಂಪು ಟವೆಲ್ಲು ಕಟ್ಟುತ್ತಿದ್ದೆ. ಇಲ್ಲ ಅಂದರೆ ಬಿಚ್ಚುತ್ತಿದ್ದೆ. ಹುಲಿಕೆರೆ ಕಡೆಗೆ ಒಳದಾರಿ ಕವಲೊಡೆಯುವ ಜಾಗದಲ್ಲಿ ನಮ್ಮ ಬಸ್ಸು ಜನ ಹತ್ತಿಸಿಕೊಳ್ಳಲು ನಿಲ್ಲುತ್ತಿತ್ತು. ನಮ್ಮನ್ನು ದಾಟಿಹೋಗುವ ಲಾರಿ, ಟೆಂಪೋ, ಹಾಲಿನ ವ್ಯಾನು ಎಲ್ಲವೂ ಮೊದಲು ನನ್ನ ಕಿಟಕಿ ನೋಡಿ, ಟವೆಲ್ಲು ಇದ್ದರೆ ಒಳದಾರಿ ಹಿಡಿಯುತ್ತಿದ್ದವು. ‘ಪರಮೇಶಣ್ಣನ ಟವೆಲ್ ನೋಡ್ಕಂಡು ಹೋಗ್ಲಾ’ ಅನ್ನುವುದು ಡ್ರೈವರುಗಳ ನಡುವೆ ಮಾತೇ ಆಗಿಹೋಯಿತು.

ಇಷ್ಟು ಅಧಿಕಾರ ಕೈಗೆ ಬಂದ ಮೇಲೆ ಸುಮ್ಮನಿರುವುದಕ್ಕೆ ನಾನೇನು ಸನ್ಯಾಸಿಯೇ? ಕೆಲವು ದಿನ ರಸ್ತೆ ಖಾಲಿ ಇದ್ದರೂ ಟವೆಲ್ಲು ಕಟ್ಟಿಬಿಡುತ್ತಿದ್ದೆ. ವಾಹನಗಳೆಲ್ಲ ಒಳದಾರಿಗೆ ತಿರುಗಿಕೊಂಡ ಮೇಲೆ ನಮ್ಮ ಬಸ್ಸು ಮುಖ್ಯ ರಸ್ತೆಯಲ್ಲಿ ಒಬ್ಬಂಟಿ ಮಹಾರಾಜನ ಹಾಗೆ ಹೋಗುತ್ತಿತ್ತು. ಡ್ರೈವರ್ ಕೆಂಪಣ್ಣ ಮೀಸೆಯಲ್ಲೇ ನಗುತ್ತ, ‘ಇವತ್ತೇನು ರೋಡು ನಮ್ಮಪ್ಪನ ಮನೇದಿದ್ದಂಗೈತೆ!’ ಅನ್ನುತ್ತಿದ್ದ. ನಾನು ಕಚೇರಿಗೆ ಸಾಹೇಬರಿಗಿಂತ ಮೊದಲೇ ಹೋಗಿ ಕೂತು ಅವರನ್ನು ಗಾಬರಿಪಡಿಸಿದೆ.

ಒಂದು ದಿನ ಹಳೇಬೀಡಿನ ಸಂತೆಯಲ್ಲಿ ಹುಲಿಕೆರೆಯ ಈರೇಗೌಡ ಎಂಬ ರೈತ ನನ್ನ ಕೈ ಹಿಡಿದುಕೊಂಡ. ‘ಪರಮೇಶಣ್ಣ, ನಿಮ್ಮ ದಯ. ಇಷ್ಟು ವರ್ಷ ಹುರುಳಿನ ಗಾಡಿ ಮೇಲೆ ಹೊತ್ಕಂಡು ಮೇನ್ ರೋಡಿಗೆ ಹೋಗ್ತಿದ್ವಿ. ಈಗ ಮನೆ ಬಾಗ್ಲಿಗೇ ಲಾರಿ ಬತ್ತಾವೆ. ಊರೋರೆಲ್ಲ ಮಾತಾಡ್ಕಂಡಿದೀವಿ, ಈ ಸಲ ಎಲ್ಲಾರ ಹುರುಳಿನೂ ನಮ್ಮೂರ ರೋಡಿಗೇಯ’ ಅಂದ. ನಾನು ಹೆಮ್ಮೆಯಿಂದ ಉಬ್ಬಿ, ‘ಮಾಡ್ರಿ, ಮಾಡ್ರಿ’ ಎಂದು ಆಶೀರ್ವಾದ ಮಾಡಿ ಬಂದೆ. ಇಂಥ ಮಾತನ್ನು ಕೇಳಿಸಿಕೊಂಡೂ ಎಚ್ಚೆತ್ತುಕೊಳ್ಳದವನು ಸಂಶೋಧಕನಾಗಬಹುದು, ಬುದ್ಧಿವಂತ ಆಗಲಾರ.

ಈಗ ನಾಗೇಶನ ಮದುವೆ. ನಾಗೇಶ ನಮ್ಮ ಬಸ್ಸಿನ ಕಂಡಕ್ಟರು. ಬೇಲೂರಿನ ಮಂಜುಳ ಅರಸೀಕೆರೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಹುಡುಗಿ, ಹಳೇಬೀಡಿನಲ್ಲಿ ಬಸ್ಸು ಬದಲಿಸಿ ನಮ್ಮ ಬಸ್ಸು ಹತ್ತುತ್ತಿದ್ದಳು. ಬೇಲೂರಿನ ಬಸ್ಸು ತಡವಾದರೆ ನಾಗೇಶನಿಗೆ ಏನೇನೋ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಟಿಕೆಟ್ಟು ಎಣಿಸುವುದು, ಟೈರು ಒದ್ದು ನೋಡುವುದು, ಬೀಗವಿಲ್ಲದ ಡಿಕ್ಕಿಗೆ ಬೀಗ ಹುಡುಕುವುದು. ಮಂಜುಳ ಓಡೋಡಿ ಬಂದು ಹತ್ತಿದ ಮೇಲೆಯೇ ‘ರೈಟ್!’ ನಮ್ಮ ಬಸ್ಸು ತಡವಾಗುತ್ತಿದ್ದುದಕ್ಕೆ ಅರ್ಧ ಕಾರಣ ಟ್ರಾಫಿಕ್, ಇನ್ನರ್ಧ ಮಂಜುಳ.

ಮದುವೆಯ ಮಾತು ಬಂದಾಗ ನಾಗೇಶನ ತಾಯಿ ಪುಟ್ಟತಾಯಮ್ಮ ಜಾತಕ ತೋರಿಸಿದರು, ಕೂಡಲಿಲ್ಲ. ‘ಆಗಕ್ಕಿಲ್ಲ’ ಅಂದುಬಿಟ್ಟರು. ನಾಗೇಶ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಸ್ಟಾಪು ಕೂಗುವುದನ್ನೇ ಮರೆತ. ಜನ ಎಲ್ಲೆಲ್ಲೋ ಇಳಿದರು. ಕೊನೆಗೆ ಬೇಲೂರಿನ ಜೋಯಿಸರು ಪಂಚಾಂಗ ತಿರುವಿ ತಿರುವಿ, ಒಂದೇ ಒಂದು ಮುಹೂರ್ತ ಇದೆ, ಆ ಗಳಿಗೆಯಲ್ಲಿ ತಾಳಿ ಬಿದ್ದರೆ ಯಾವ ದೋಷವೂ ಇಲ್ಲ ಅಂದರು. ಪುಟ್ಟತಾಯಮ್ಮ ಒಪ್ಪಿದರು, ಆದರೆ ಎಲ್ಲರೆದುರು ಬೆರಳೆತ್ತಿ ಹೇಳಿದರು: ‘ಆ ಗಳಿಗೆ ಮೀರ್ತೋ, ಈ ಮದುವೆ ಇಲ್ಲ. ಆಮ್ಯಾಕೆ ಯಾರೂ ನನ್ನ ಕಾಲು ಹಿಡ್ಕಂಡು ಗೋಳಾಡಂಗಿಲ್ಲ.’

ಛತ್ರ ಅರಸೀಕೆರೆಯಲ್ಲಿ. ಹಿಂದಿನ ದಿನ ಅಲ್ಲಿ ಬೇರೆಯವರ ಮದುವೆ ಇದ್ದದ್ದರಿಂದ ಬೆಳಗ್ಗೆಯೇ ಬನ್ನಿ ಅಂದಿದ್ದರು. ಅಡುಗೆಯವರು, ವಾಲಗದವರು, ಶಾಸ್ತ್ರದ ಸಾಮಾನು ಎಲ್ಲ ಮೊದಲೇ ಹೋಗಿಯಾಗಿತ್ತು. ಗಂಡಿನ ಕಡೆಯವರು, ಜೊತೆಗೆ ನಾನು, ಸುಜಾತ ಮೇಡಂ, ಬಾಡಿಗೆ ಬಸ್ಸಿನಲ್ಲಿ ಹಳೇಬೀಡಿನಿಂದ. ಓಡಿಸುವವನು ರಜೆ ಹಾಕಿ ಬಂದ ಕೆಂಪಣ್ಣ. ಹೆಣ್ಣಿನ ಕಡೆಯವರು, ಜೊತೆಗೆ ಜೋಯಿಸರು, ಬೇಲೂರಿನಿಂದ ವ್ಯಾನಿನಲ್ಲಿ ಹಿಂದೆ ಬರುವುದು. ನಾಗೇಶ ನನ್ನ ಹತ್ತಿರ ಬಂದು, ‘ಅಣ್ಣ, ರೋಡ್ ನಿಮ್ಮ ಕೈಲೈತೆ. ನನ್ನ ಜೀವನಾನೂ ನಿಮ್ಮ ಕೈಲೈತೆ’ ಅಂದ. ನಾನು ಫೋನಿನ ಕೊಂಬು ಎಳೆದು ಉದ್ದ ಮಾಡಿ, ‘ಗಳಿಗೆಗೆ ಮುಂಚೆ ನಿನ್ನ ಮಣೆ ಮೇಲೆ ಕೂರಿಸ್ತೀನಿ’ ಎಂದು ಎದೆ ತಟ್ಟಿಕೊಂಡೆ.

ಹೊರಟೆವು. ನಾನು ಕಿಟಕಿಯಿಂದ ಕೈ ಚಾಚಿ ಒಂದೊಂದೇ ಅಂಗಡಿಗೆ ಫೋನು ಮಾಡುತ್ತ ಬಂದೆ. ಮುಂದಿನ ಊರಿನ ಅಂಗಡಿಯವನು ಉತ್ಸಾಹದಿಂದ ಕೂಗಿದ: ‘ತೆಂಗಿನಕಾಯಿ ಲಾರಿ ಮಗುಚ್ಕಂಡೈತೆ! ಊರೇ ರೋಡಲ್ಲಿ ಕಾಯಿ ಆಯ್ತಾ ಐತೆ! ನಾನೂ ಹೋಗ್ಬೇಕು, ಇಡ್ಲಾ?’

‘ಕೆಂಪಣ್ಣ, ಹುಲಿಕೆರೆ ದಾರಿ ಹಿಡಿ’ ಎಂದು ಆಜ್ಞೆ ಮಾಡಿ, ಕೆಂಪು ಟವೆಲ್ಲನ್ನು ಕಿಟಕಿಗೆ ಕಟ್ಟಿದೆ. ಹೆಣ್ಣಿನ ವ್ಯಾನಿನವರೂ ನೋಡಿಕೊಂಡು ಹಿಂದೆ ಬರಲಿ ಎಂದು ಕವಲು ದಾರಿಯಲ್ಲಿ ಸ್ವಲ್ಪ ಹೊತ್ತು ಬಸ್ಸು ನಿಲ್ಲಿಸಿಯೂ ಇಟ್ಟೆ. ವ್ಯಾನು ನೋಡಿತು. ಲಾರಿ, ಟೆಂಪೋ, ಹಾಲಿನ ವ್ಯಾನು, ಟ್ರ್ಯಾಕ್ಟರು, ಪ್ರವಾಸಿಗರ ಒಂದು ಬಸ್ಸು, ಎಲ್ಲವೂ ನೋಡಿದವು.

ಹುಲಿಕೆರೆ ಮುಟ್ಟುವಷ್ಟರಲ್ಲಿ ರಸ್ತೆಯೇ ಮಾಯವಾಗಿತ್ತು. ಟಾರಿನ ಬದಲು ಹುರುಳಿ. ತೆಳ್ಳಗೆ ಹರಡಿದ್ದಲ್ಲ, ಇಡೀ ಊರಿನ ಬೆಳೆ ಮೊಣಕಾಲೆತ್ತರಕ್ಕೆ. ಈರೇಗೌಡ ಮುಂದೆ ನಿಂತು, ದೇವರು ಬಂದ ಹಾಗೆ ಕೈಮುಗಿದು, ‘ಬನ್ನಿ, ಬನ್ನಿ, ನಿಧಾನಕ್ಕೆ ಬನ್ನಿ’ ಎಂದು ಕರೆಯುತ್ತಿದ್ದ. ಕೆಂಪಣ್ಣ ಇಳಿಸಿದ. ಒಂದಷ್ಟು ದೂರ ಹೋಗಿ ಬಸ್ಸು ಎಮ್ಮೆ ಕೆಮ್ಮಿದ ಹಾಗೆ ಕೆಮ್ಮಿ ನಿಂತಿತು. ಹುರುಳಿ ಬಳ್ಳಿ ಎಲ್ಲ ಚಕ್ರದ ಒಳಗಿನ ರಾಡಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು.

‘ಇನ್ನೊಂದು ಗೇಣು ಎಳುದ್ರೆ ಬೆಂಕಿ ಹತ್ಕಂತದೆ’ ಎಂದು ಕೆಂಪಣ್ಣ ಕುಡುಗೋಲು ಇಸಿದುಕೊಂಡು ಬಸ್ಸಿನಡಿ ತೂರಿದ. ‘ಹಂಗಾದ್ರೆ ಹಿಂದಕ್ಕೆ ತೆಗಿ’ ಎಂದು ನಾನು ಹಿಂತಿರುಗಿ ನೋಡಿದೆ. ಹಿಂದೆ ನನ್ನ ಟವೆಲ್ಲು ನಂಬಿದವರೆಲ್ಲ ಬಾಲ ಹಿಡಿದು ನಿಂತಿದ್ದರು. ಆ ಸಾಲಿನ ನಡುವೆ ಎಲ್ಲೋ ಹೆಣ್ಣಿನ ವ್ಯಾನು. ನಾನು ಕಟ್ಟಿದ ಟ್ರಾಫಿಕ್ ಇಲಾಖೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅದೊಂದೇ ದಿನ.

ಪುಟ್ಟತಾಯಮ್ಮ ಬಸ್ಸಿನಿಂದ ಇಳಿದರು. ಈರೇಗೌಡ ಓಡಿಬಂದ.

‘ಅವ್ವಾ, ಮೆಟ್ಟು! ಮೆಟ್ಟು ಬಿಡಿ, ಇದು ಕಣ.’

‘ನಿನ್ನ ಕಣಕ್ಕೆ ಮಣ್ಣು ಬೀಳ! ನನ್ನ ಮಗನ ಮುಹೂರ್ತ ಹೋಯ್ತಾ ಐತೆ, ತೆಗಿಯೋ ಹುರುಳಿನ!’

‘ಹಂಗೆ ಶಪಿಸ್ಬ್ಯಾಡಿ ಕಣವ್ವ. ನಾನೇನು ಮಾಡ್ಲಿ, ಪರಮೇಶಣ್ಣನೇ ಹರಡ್ರಿ ಅಂದ್ರು.’

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನನಗೆ ಫೋನಿನಲ್ಲಿ ಬಹಳ ಜರೂರಾದ ಕೆಲಸ ನೆನಪಾಯಿತು.

ನಾಗೇಶ ಬಾಸಿಂಗ ಕಟ್ಟಿಕೊಂಡೇ ಇಳಿದ. ಅಭ್ಯಾಸ ಬಿಟ್ಟೀತೇ? ಪಂಚೆ ಎತ್ತಿಕಟ್ಟಿ, ಬರಿಗಾಲಲ್ಲಿ, ಜೇಬಿನಿಂದ ಸೀಟಿ ತೆಗೆದು ಊದುತ್ತ, ‘ಹಿಂದಕ್ಕೆ ಹೋಗ್ರೀ, ಹೋಲ್ಡಾನ್, ಹೋಲ್ಡಾನ್, ಟೆಂಪೋ ಎಡಕ್ಕೆ!’ ಎಂದು ಕೂಗುತ್ತ ಸಾಲಿನುದ್ದಕ್ಕೂ ಓಡಿದ. ಒಂದು ವಾಹನವೂ ಅಲುಗಾಡಲಿಲ್ಲ. ಕೊನೆಗೆ ಹೆಣ್ಣಿನ ವ್ಯಾನಿನ ಮುಂದೆ ನಿಂತು ಸೀಟಿ ಬಾಯಿಂದ ಜಾರಿಸಿಕೊಂಡು ಅತ್ತೇಬಿಟ್ಟ. ನಾನು ಹುಟ್ಟಾ ಚೇಷ್ಟೆಯವನು, ಎಂಥದ್ದಕ್ಕೂ ನಗುವವನು. ಆ ಕಂಡಕ್ಟರು ಬಾಸಿಂಗದ ಕೆಳಗೆ ಕಣ್ಣೊರೆಸಿಕೊಂಡದ್ದು ನೋಡಿ ನನಗೂ ನಗು ಬರಲಿಲ್ಲ.

ವ್ಯಾನಿನ ಬಾಗಿಲು ತೆರೆಯಿತು. ಮಂಜುಳ ಇಳಿದಳು. ಚಪ್ಪಲಿ ಬಿಚ್ಚಿಟ್ಟು, ರೇಷ್ಮೆ ಸೀರೆ ಎತ್ತಿ ಹಿಡಿದು, ಹುರುಳಿಯ ಮೇಲೆ ನಡೆದು ಬಂದಳು.

‘ಅಳ್ಬೇಡ್ರೀ. ದಿನಾ ನಂಗೋಸ್ಕರ ಬಸ್ ನಿಲ್ಲಿಸ್ತಿದ್ರಿ. ಇವತ್ತು ಅದಾಗೇ ನಿಂತೈತೆ. ಇಲ್ಲೇ ಕಟ್ರಿ ತಾಳಿ’ ಅಂದಳು.

ಜೋಯಿಸರು ವ್ಯಾನಿನೊಳಗಿಂದಲೇ ತಲೆಯಾಡಿಸಿದರು. ‘ಛೆ ಛೆ. ನಡುಬೀದಿಯಲ್ಲಿ ವಿವಾಹವೇ? ಉಗಿಯೋರು ಉಗಿದಿರ್ತಾರೆ, ದನ ಓಡಾಡಿರ್ತಾವೆ. ಶುದ್ಧವಾದ ನೆಲ ಬೇಕು.’

ಈರೇಗೌಡನಿಗೆ ರೇಗಿತು. ‘ಸ್ವಾಮಿ, ಇದು ಬೀದಿ ಅಂದೋರ್ಯಾರು? ಬೆಳಿಗ್ಗೆ ನೀರು ಹಾಕಿ ಗುಡಿಸಿ, ಸಗಣಿ ಬೆನಕನ ಇಟ್ಟು, ಗರಿಕೆ ಸಿಗ್ಸಿ ಪೂಜೆ ಮಾಡಿವ್ನಿ. ನೋಡಿ ಅಲ್ಲಿ ಕುಂತವ್ನೆ. ಆಮ್ಯಾಕೆ ಒಂದು ನರಪಿಳ್ಳೆ ಮೆಟ್ಟು ಹಾಕ್ಕಂಡು ಕಾಲಿಟ್ಟಿಲ್ಲ. ನಿಮ್ಮ ಛತ್ರದಾಗೆ ಇಷ್ಟು ಮಡಿ ಐತಾ?’

ಜೋಯಿಸರು ಇಳಿದು, ರಸ್ತೆಯಂಚಿನಲ್ಲಿ ಕೂತಿದ್ದ ಸಗಣಿಯ ಗಣಪನನ್ನು ನೋಡಿದರು. ಯೋಚಿಸಿದರು. ಚಪ್ಪಲಿ ಬಿಚ್ಚಿದರು. ‘ಗೌಡ ಹೇಳೋದು ಸರಿ. ಧಾನ್ಯಲಕ್ಷ್ಮಿಯ ಮೇಲೆ ಆಗೋ ಮದುವೆಗೆ ಏನು ಕೊರತೆ?’

‘ಗಳಿಗೆ?’ ಎಂದು ಪುಟ್ಟತಾಯಮ್ಮ ಗದರಿದರು. ಎಲ್ಲರೂ ಗಕ್ಕನೆ ನಿಂತರು. ಜೋಯಿಸರ ಗಡಿಯಾರ ಶಾಸ್ತ್ರದ ಸಾಮಾನಿನ ಜೊತೆ ಅರಸೀಕೆರೆಗೆ ಹೋಗಿತ್ತು. ಕೆಂಪಣ್ಣನ ಗಡಿಯಾರ ಬಸ್ಸಿನಡಿ ಎಣ್ಣೆ ಕುಡಿದು ಮಲಗಿತ್ತು. ಈರೇಗೌಡ ತನ್ನ ನೆರಳು ನೋಡಿಕೊಂಡು ಒಂದು ಹೇಳಿದ, ಅವನ ಹೆಂಡತಿ ತನ್ನ ನೆರಳು ನೋಡಿಕೊಂಡು ಇನ್ನೊಂದು ಹೇಳಿದಳು. ಜಾಮಿನಲ್ಲಿ ನಿಂತವರ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸಿದವು. ‘ಇವೆಲ್ಲ ನಂಬಕ್ಕಿಲ್ಲ’ ಅಂದರು ಪುಟ್ಟತಾಯಮ್ಮ. ‘ಪರಮೇಶಪ್ಪನ ಫೋನಿನಾಗೆ ನೋಡಿ. ಅದು ಆಕಾಸದಿಂದ ಬರೋದು. ಅದು ಸುಳ್ಳಾಡಲ್ಲ.’

ನಾನು ಫೋನು ತೆಗೆದು ಜೋಯಿಸರ ಕೈಗೆ ಕೊಟ್ಟೆ. ಅದರ ಪುಟ್ಟ ಗಾಜಿನಲ್ಲಿ ಹಸಿರು ಬೆಳಕು ಹೊಳೆಯುತ್ತಿತ್ತು. ಜೋಯಿಸರು ಬಿಸಿಲಿಗೆ ಕೈ ಅಡ್ಡ ಹಿಡಿದು ಅದರ ಮೇಲಿನ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಗಟ್ಟಿಯಾಗಿ ಸಾರಿದರು: ‘ಗಳಿಗೆ ಇನ್ನೂ ಇದೆ. ತಡ ಮಾಡಬೇಡಿ.’

ಆಮೇಲೆ ನೋಡಬೇಕಿತ್ತು ಹುಲಿಕೆರೆಯನ್ನು. ಈರೇಗೌಡನ ಮನೆಯಿಂದ ಕಳಸ ಬಂತು, ಮಣೆ ಬಂತು, ಪುಟ್ಟತಾಯಮ್ಮನ ಸೊಂಟದಿಂದ ತಾಳಿ ಬಂತು. ಗಂಡು ಹೆಣ್ಣಿನ ನಡುವೆ ಹಿಡಿಯುವ ಅಂತರಪಟ ಅರಸೀಕೆರೆಯಲ್ಲಿತ್ತಲ್ಲ, ಕಿಟಕಿಯಿಂದ ನನ್ನ ಕೆಂಪು ಟವೆಲ್ಲನ್ನೇ ಬಿಚ್ಚಿ ಹಿಡಿದರು. ಜೋಯಿಸರು ಮೂಗು ಮುಚ್ಚಿಕೊಂಡೇ ಮಂತ್ರ ಹೇಳಿದರು. ಅಕ್ಷತೆಗೆ ಅಕ್ಕಿ ಇಲ್ಲದೆ ಜನ ಕೈಗೆ ಸಿಕ್ಕ ಹುರುಳಿ ಕಾಳು ತುಂಬಿಕೊಂಡರು. ‘ಮೆತ್ತಗೆ ಎಸೀರಪ್ಪೋ, ವರ್ಷದ ಬೆಳೆ’ ಎಂದು ಈರೇಗೌಡ ಅಂಗಲಾಚಿದ. ವಾಲಗವಿಲ್ಲ, ಗಟ್ಟಿಮೇಳಕ್ಕೆ ಏನು ಮಾಡುವುದು? ಜೋಯಿಸರು ಕೈಯೆತ್ತಿದ ಕೂಡಲೇ ನಾಗೇಶ ಒಂದು ಕೈಯಲ್ಲಿ ತಾಳಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿ ಹಿಡಿದು ಊದಿದ. ಜಾಮಿನಲ್ಲಿ ನಿಂತಿದ್ದ ಲಾರಿ, ಬಸ್ಸು, ಟೆಂಪೋ, ಟ್ರ್ಯಾಕ್ಟರು ಎಲ್ಲ ಒಟ್ಟಿಗೆ ಹಾರನ್ನು ಬಾರಿಸಿದವು. ಹಾಲಿನವನು ಕ್ಯಾನು ಬಡಿದ. ಪ್ರವಾಸಿಗರು ಇದು ಇಲ್ಲಿನ ಪುರಾತನ ಪದ್ಧತಿ ಎಂದು ತಿಳಿದು ಫೋಟೋ ಹೊಡೆದರು. ಟ್ರಾಫಿಕ್ ಜಾಮಿನಲ್ಲಿ ಜನ ಹಾರನ್ನು ಒತ್ತಿ ಖುಷಿಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಧ್ಯಾಹ್ನ ಊರಿನವರೆಲ್ಲ ಸೇರಿ ಮದುವೆಯವರಿಗೂ ಜಾಮಿನವರಿಗೂ ರಾಗಿಮುದ್ದೆ, ಹುರುಳಿ ಸಾರು ಬಡಿಸಿದರು. ಆಮೇಲೆ ವಾಹನಗಳು ಒಂದೊಂದಾಗಿ ಹಿಂದೆ ಸರಿದು ಹೊರಡುವಾಗ ಈರೇಗೌಡ ಪ್ರತಿಯೊಬ್ಬ ಡ್ರೈವರನ್ನೂ, ‘ಇನ್ನೊಂದ್ಸಲ ಹಿಂದಕ್ಕೂ ಮುಂದಕ್ಕೂ ಆಡ್ಸಿ ಹೋಗಣ್ಣ’ ಎಂದು ಕೇಳಿಕೊಂಡು ಒಕ್ಕಣೆ ಮುಗಿಸಿಕೊಂಡ. ಆ ದಿನ ಹೊತ್ತಿಗೆ ಸರಿಯಾಗಿ ಮುಗಿದದ್ದು ಅವನೊಬ್ಬನ ಕೆಲಸ.

ಈಗ ಹೇಳಿ, ಇದರಲ್ಲಿ ನಾನು ಸುಳ್ಳು ಹೇಳಿರುವುದು ಒಂದೇ ಕಡೆ. ಎಲ್ಲಿ? ಹಾರನ್ನಿನ ಗಟ್ಟಿಮೇಳ ಅಂದುಕೊಂಡಿರಿ. ಅಲ್ಲ, ಹುಲಿಕೆರೆಯಲ್ಲಿ ಯಾರನ್ನಾದರೂ ಕೇಳಿ. ಟವೆಲ್ಲಿನ ಅಂತರಪಟ? ಮಂಜುಳ ಅದನ್ನು ಒಗೆದು, ಇನ್ನೂ ಒಗೆದು, ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ. ಸುಳ್ಳು ಇರುವುದು ಆ ಹಸಿರು ಬೆಳಕಿನಲ್ಲಿ. ಬೆಳಕು ಇರಲಿಲ್ಲ ಸ್ವಾಮೀ. ದಾರಿಯುದ್ದಕ್ಕೂ ಕೂಗಿ ಕೂಗಿ ಫೋನಿನ ಬ್ಯಾಟರಿ ಯಾವಾಗಲೋ ಸತ್ತುಹೋಗಿತ್ತು. ನಾನು ಕೊಟ್ಟದ್ದು ಇಟ್ಟಿಗೆಯನ್ನೇ. ಜೋಯಿಸರು ಆ ಕಪ್ಪು ಗಾಜನ್ನು ನೋಡಿದರು, ನನ್ನನ್ನು ನೋಡಿದರು, ಹುರುಳಿಯ ಮೇಲೆ ಬರಿಗಾಲಲ್ಲಿ ನಿಂತಿದ್ದ ಇಬ್ಬರನ್ನು ನೋಡಿದರು, ಮತ್ತೆ ಕಪ್ಪು ಗಾಜಿಗೆ ಕೈ ಅಡ್ಡ ಹಿಡಿದು ಗಳಿಗೆ ಇನ್ನೂ ಇದೆ ಅಂದರು. ಸರಿಯಾದ ಹೊತ್ತು ಗೊತ್ತಿದ್ದವರು ಒಬ್ಬರೇ, ಶಾಲೆಯ ಗಂಟೆಗೆ ಗಡಿಯಾರ ಹೊಂದಿಸಿಕೊಂಡಿದ್ದ ಸುಜಾತ ಮೇಡಂ. ಅವರು ಗಡಿಯಾರ ಕಟ್ಟಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಆಕಾಶ ನೋಡುತ್ತಿದ್ದರು.

ಪುಟ್ಟತಾಯಮ್ಮ ಈಗಲೂ ಸೊಸೆಯನ್ನು ಹೊಗಳುವಾಗ, ‘ಗಳಿಗೆ ಮೀರದಂಗೆ ನಮ್ಮನೆ ತುಂಬಿದೋಳು’ ಅನ್ನುತ್ತಾರೆ. ಅವರಿಗೆ ಕಣ್ಣು ಮಂಜಾಗಿದೆ, ಇದನ್ನು ತಾವೇ ಓದಲಾರರು. ನಿಮ್ಮಲ್ಲಿ ಯಾರಾದರೂ ಓದಿ ಹೇಳುವುದಾದರೆ, ಹುರುಳಿ ಸಾರಿನ ಊಟಕ್ಕೇ ನಿಲ್ಲಿಸಿಬಿಡಿ.